ಸುಳ್ಳು ಗಂಟೆ

ಫೆಬ್ರುವರಿ ೧೧

ಅಕ್ಕಾ,

ಇಲ್ಲಿ ಫೋನು ಕೊಡುವುದಿಲ್ಲ, ಕಾಗದ ಕೊಡುತ್ತಾರೆ. ಬರೆದದ್ದನ್ನು ಓದಿಯೇ ಹೊರಗೆ ಬಿಡುತ್ತಾರಂತೆ. ಓದಿಕೊಳ್ಳಲಿ, ಜೈಲಿನವರಿಗೂ ಹೊತ್ತು ಹೋಗಬೇಕಲ್ಲ. ನಿನ್ನ ದವಡೆಗೆ ತಂತಿ ಬಿಗಿದಿದ್ದಾರೆಂದು ಅಮ್ಮ ಹೇಳಿದಳು. ನಿನ್ನ ಬಾಯಿಗೆ ಬೀಗ, ನನ್ನ ಬಾಗಿಲಿಗೆ ಬೀಗ. ಇನ್ನು ನಮ್ಮ ಜಗಳವೆಲ್ಲ ಅಂಚೆಯಲ್ಲೇ ಆಗಬೇಕು.

ನಡೆದದ್ದನ್ನು ಅಮ್ಮ ನಿನಗೆ ಅರ್ಧ ಹೇಳಿರುತ್ತಾಳೆ, ಮಿಕ್ಕರ್ಧ ಅತ್ತಿರುತ್ತಾಳೆ. ಪೂರ್ತಿ ನಾನು ಹೇಳುತ್ತೇನೆ.

ನೀನು ಮೆಟ್ಟಿಲಿಂದ ಬಿದ್ದೆ ಎಂದು ಭಾವ ಎಲ್ಲರಿಗೂ ಹೇಳಿದ. ನಾನೂ ನಂಬಿದೆ. ನಂಬಿ, ನಮ್ಮ ಪ್ರಾಜೆಕ್ಟಿನ ಮೇಲೆ ಸಿಟ್ಟು ಮಾಡಿಕೊಂಡೆ. ಮನೆಯಲ್ಲಿ ಯಾರಾದರೂ ಬಿದ್ದರೆ ಮನೆಯವರ ಫೋನಿನಲ್ಲಿ ಗಂಟೆ ಬಡಿಯಲಿ ಎಂದು ತಾನೇ ನಾನೂ ನನ್ನ ಸಹಪಾಠಿ ಸೊಳ್ಳೆಯೂ ಕಾಲೇಜಿನ ಕಡೆಯ ವರ್ಷವಿಡೀ ಕೂತು ಆ ಆ್ಯಪ್ ಕಟ್ಟಿದ್ದು? ನಿನ್ನ ಫೋನು ಸೊಂಟದ ಚೀಲದಲ್ಲೇ ಇತ್ತು, ಆ್ಯಪ್ ಓಡುತ್ತಲೇ ಇತ್ತು. ಆದರೂ ಯಾಕೆ ಬಡಿಯಲಿಲ್ಲ? ಸೊಳ್ಳೆಯನ್ನು ಕತ್ತು ಹಿಡಿದು ಲ್ಯಾಬಿಗೆ ಎಳೆದುಕೊಂಡು ಹೋದೆ.

ನೋಡಿದರೆ, ಹಿಂದೆ ನಿನ್ನ ಮನೆಯಿಂದ ಬೇಕಾದಷ್ಟು ಗಂಟೆ ಬಂದಿದ್ದವು. ಪ್ರತಿಯೊಂದೂ ಹೋದದ್ದು ಅತಿ ಹತ್ತಿರದ ಫೋನಿಗೆ, ಅಂದರೆ ಭಾವನ ಜೇಬಿಗೆ. ಪ್ರತಿ ಸಲವೂ ಅವನು ‘ಸುಳ್ಳು’ ಎಂಬ ಬಟನ್ ಒತ್ತಿದ್ದ. ಆ್ಯಪ್ ಅವನನ್ನು ನಂಬಿ ಕಲಿತಿತ್ತು: ಇಂಥ ಏಟಿಗೆ ಇನ್ನು ಬಡಿಯಬಾರದು. ಲ್ಯಾಬಿನ ಪರದೆ ನೋಡುತ್ತ ಸೊಳ್ಳೆ ಹೇಳಿದ, “ಇದು ಬಿದ್ದಿದ್ದಲ್ಲ ಕಣೇ.”

ಭಾವನ ಗಾಜಿನ ಅಂಗಡಿಗೆ ಹೋದೆ. ಅವನು ಕನ್ನಡಿಯೊಂದನ್ನು ಅಳತೆಗೆ ಕೊಯ್ಯುತ್ತಿದ್ದ. “ಏನಮ್ಮಾ, ಹೇಗಿದಾಳೆ ನಿಮ್ಮಕ್ಕ? ಮೆಟ್ಲು ನೋಡ್ಕೊಂಡು ಇಳಿ ಅಂತ ಎಷ್ಟು ಸಲ ಬಡ್ಕೊಂಡಿದೀನಿ,” ಅಂದ. ಅವನ ಬಲಗೈ ಮೇಜಿನ ಮೇಲೆ ಊರಿತ್ತು, ಪಕ್ಕದಲ್ಲೇ ಸುತ್ತಿಗೆ. ಬಟನ್ ಒತ್ತಿದ ಹೆಬ್ಬೆರಳ ಮೇಲೇ ಹೊಡೆದೆ. ಒದ್ದೆ ಕಟ್ಟಿಗೆ ಮುರಿದ ಸದ್ದು ಬಂತು. ಕೈ ಎಳೆದುಕೊಳ್ಳುವಷ್ಟರಲ್ಲಿ ಮಣಿಕಟ್ಟಿಗೆ ಇನ್ನೊಂದು. ಅವನು ಹಿಂದಕ್ಕೆ ಬಿದ್ದ, ಗೋಡೆಗೆ ಒರಗಿಸಿದ್ದ ಗಾಜಿನ ಹಾಳೆಗಳೆಲ್ಲ ಅವನ ಮೇಲೆ ಬಂದವು. ಕಿವಿ ಹರಿದು ನೇತಾಡುತ್ತಿತ್ತು. ನಾನು ಗಾಜು ತುಳಿದುಕೊಂಡೇ ಹತ್ತಿರ ಹೋಗಿ ಮತ್ತೆ ಎತ್ತಿದೆ. ಅಷ್ಟರಲ್ಲಿ ಪಕ್ಕದ ಅಂಗಡಿಯವರು ಬಂದು ನನ್ನನ್ನು ನೆಲಕ್ಕೆ ಕೆಡವಿದರು.

ಒಂದು ವಿಷಯ ನಿನಗೆ ಮಾತ್ರ ಹೇಳುತ್ತೇನೆ, ಜೈಲಿನವರು ಓದಿದರೆ ಓದಲಿ. ಹೊಡೆಯುವಾಗ ನನಗೆ ಹಿತವಾಗಿತ್ತು.

ನಿನ್ನ
ಕೋತಿ


ಫೆಬ್ರುವರಿ ೨೩

ಕೋತಿ,

ನಿನ್ನ ಕಾಗದ ಓದಿ ನಗು ಬಂತು, ನಕ್ಕರೆ ತಂತಿ ಚುಚ್ಚುತ್ತದೆ. ಇನ್ನು ಮುಂದೆ ನೀರಸವಾಗಿ ಬರೆ.

ನಾನು ಇನ್ನೂ ಆಸ್ಪತ್ರೆಯಲ್ಲೇ ಇದ್ದೇನೆ. ಊಟವೆಲ್ಲ ನಳಿಗೆಯಲ್ಲಿ. ಎಡಗೈಗೆ ಮೊಣಕೈಯಿಂದ ಬೆರಳವರೆಗೆ ಪಟ್ಟಿ. ಬಲಗೈ ನೆಟ್ಟಗಿದೆ, ಅದಕ್ಕೇ ಬರೆಯುತ್ತಿದ್ದೇನೆ. ಶಾಲೆಯ ಯೂನಿಫಾರ್ಮಿನ ಬಟ್ಟೆ ಹೊಲಿಗೆ ಮೆಷಿನ್ನಿನ ಮೇಲೆ ಕತ್ತರಿಸಿದ್ದು ಕತ್ತರಿಸಿದ ಹಾಗೇ ಬಿದ್ದಿರುತ್ತದೆ. ಆ ಶಾಲೆಯವರು ನನಗೆ ಶಾಪ ಹಾಕುತ್ತಿರಬೇಕು.

ಈಗ ನಿನ್ನ ವಿಷಯ. ನಿನಗೆ ಬುದ್ಧಿ ಇದೆಯೇನೇ? ಅವನ ಕೈ ಮುರಿದೆ. ಕೈ ಕೂಡಿಕೊಳ್ಳುತ್ತದೆ, ಅವನು ಮನೆಯಲ್ಲಿದ್ದಾನೆ. ನೀನು ಒಳಗಿದ್ದೀಯ. ಯಾರು ಯಾರನ್ನು ಹೊಡೆದ ಹಾಗಾಯಿತು? ಇಡೀ ಬೀದಿಗೆ ಈಗ ಹಲ್ಲೆ ಮಾಡಿದವಳೆಂದರೆ ನೀನೇ. ಅವನು ಪಾಪದ ಭಾವ.

ನಾನು ಮೆಟ್ಟಿಲ ಬಳಿಗೇ ಹೋಗಿರಲಿಲ್ಲ. ಅಡುಗೆಮನೆಯಲ್ಲಿದ್ದೆ. ಅವನ ಷರ್ಟಿಗೆ ನಾನು ಹಾಕಿದ ಕಾಲರ್ ಕತ್ತಿಗೆ ಉಜ್ಜುತ್ತದಂತೆ, ಅಷ್ಟೇ ಕಾರಣ. ಕನ್ನಡಿ ಚೌಕಟ್ಟಿಗೆಂದು ತಂದಿದ್ದ ಮರದ ಪಟ್ಟಿ ತೆಗೆದುಕೊಂಡ. ಮೊದಲ ಏಟಿಗೆ ಎಡಗೈ ಅಡ್ಡ ಹಿಡಿದೆ, ಅದು ಮುರಿಯಿತು. ಎರಡನೆಯದಕ್ಕೆ ಅಡ್ಡ ಹಿಡಿಯಲು ಏನೂ ಇರಲಿಲ್ಲ. ಹಲ್ಲು ನಾಲಿಗೆಯ ಮೇಲೆ ಬಂದು ಕೂತವು. ಬಿದ್ದುಬಿಡಲೂ ಬಿಡಲಿಲ್ಲ, ಕೂದಲು ಹಿಡಿದು ನಿಲ್ಲಿಸಿಕೊಂಡೇ ಹೊಡೆದ. ಆಮೇಲೆ ಎಳೆದುಕೊಂಡು ಹೋಗಿ ಮೆಟ್ಟಿಲ ಬುಡದಲ್ಲಿ ಮಲಗಿಸಿ, ಚಪ್ಪಲಿಯೊಂದನ್ನು ಮೇಲಿನ ಮೆಟ್ಟಿಲಲ್ಲಿ ಇಟ್ಟ. ಆಮೇಲೇ ಅಕ್ಕಪಕ್ಕದವರನ್ನು ಕೂಗಿದ್ದು. ನನಗೆ ಎಲ್ಲ ಕೇಳಿಸುತ್ತಿತ್ತು.

ಇದು ಅವನು ಮಾಡಿದ್ದು, ನಿನ್ನ ಆ್ಯಪ್ ಮಾಡಿದ್ದಲ್ಲ. ಅವನ ಏಟನ್ನು ನಿಮ್ಮ ಲೆಕ್ಕಕ್ಕೆ ಬರೆದುಕೊಂಡು ಅವನ ಭಾರ ಇಳಿಸಬೇಡ.

ನಿನ್ನ ಮೇಷ್ಟ್ರು ಬಂದಿದ್ದರು. ರಿಪೋರ್ಟಿನ ಕಡೆಯ ಅಧ್ಯಾಯವನ್ನು ನೀನು ಅಲ್ಲಿಂದಲೇ ಬರೆದು ಕಳಿಸಿದರೆ ತೆಗೆದುಕೊಳ್ಳುತ್ತಾರಂತೆ. ಏನು ಯೋಚಿಸಿದಿರಿ, ಏನು ಕಟ್ಟಿದಿರಿ, ಮತ್ತೆ ಕಟ್ಟಿದರೆ ಏನು ಬದಲಿಸುತ್ತೀರಿ ಎಂದು ಬರೆಯಬೇಕಂತೆ. ವೈವಾಕ್ಕೆ ಪರೀಕ್ಷಕರ ಮುಂದೆ ಸೊಳ್ಳೆ ಒಬ್ಬನೇ ನಿಲ್ಲುತ್ತಾನೆ. ಬರೆಯೇ. ಒಂದು ವರ್ಷ ನೀರಿನಲ್ಲಿ ಹೋಮ ಆಗದಿರಲಿ.

ನಿನ್ನ ಅಕ್ಕ


ಮಾರ್ಚ್ ೬

ಅಕ್ಕಾ,

ಅಧ್ಯಾಯ ಬರೆಯಲು ಕೂತರೆ ಕೈಗೆ ಬರುವುದು ಬೈಗುಳ ಮಾತ್ರ. ಮೇಷ್ಟ್ರಿಗೆ ಬರೆಯುವ ಮೊದಲು ನಿನಗೆ ಬರೆಯುತ್ತೇನೆ, ಬೈಗುಳ ತೆಗೆದು ಅವರಿಗೆ ಕೊಡೋಣ.

ಏನು ಯೋಚಿಸಿದೆವು? ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದು, ಪಕ್ಕದ ಕೋಣೆಯಲ್ಲೇ ನಾನಿದ್ದರೂ ಗೊತ್ತಾಗದೆ ನೆಲದ ಮೇಲೆ ಬಿದ್ದುಕೊಂಡಿದ್ದಳಲ್ಲ, ಅಲ್ಲಿಂದ ಶುರು. ಬಿದ್ದವರಿಗೆ ಬೇಗ ಸಹಾಯ ಮಾಡುವವರು ಯಾರು? ಹತ್ತಿರ ಇರುವವರು. ಎಷ್ಟು ಸರಳ ನೋಡು. ಮನೆಯವರ ಫೋನುಗಳನ್ನೆಲ್ಲ ಒಂದು ಗುಂಪು ಮಾಡಿ, ಅದರಲ್ಲಿ ಯಾರು ಅತಿ ಹತ್ತಿರವೋ ಅವರಿಗೆ ಗಂಟೆ ಕಳಿಸುವುದು. ಮೇಷ್ಟ್ರು ಭೇಷ್ ಅಂದರು. ಹತ್ತಿರದವನೇ ಹೊಡೆಯುವವನಾದರೆ ಎಂದು ಲ್ಯಾಬಿನಲ್ಲಿ ಯಾರಿಗೂ ಹೊಳೆಯಲಿಲ್ಲ.

ಏನು ಕಟ್ಟಿದೆವು? ನೀನೇ ಹೊಲಿದುಕೊಟ್ಟ ಗೋಣಿಯ ಹೆಂಗಸು, ಹೊಟ್ಟೆತುಂಬ ಮರಳು ಮತ್ತು ಚಿಂದಿ, ಸೊಂಟಕ್ಕೊಂದು ಫೋನಿನ ಚೀಲ. ಅವಳಿಗೆ ದೊಡ್ಡಮ್ಮ ಎಂದು ಹೆಸರಿಟ್ಟೆವು. ದೊಡ್ಡಮ್ಮನನ್ನು ಮೆಟ್ಟಿಲಿಂದ ತಳ್ಳಿದೆವು, ಕುರ್ಚಿಯಿಂದ ಉರುಳಿಸಿದೆವು, ಮಂಚದಿಂದ ಒದ್ದೆವು. ಬಿದ್ದಾಗಲೆಲ್ಲ ಗಂಟೆ ಬಡಿಯಿತು, ನಾವು ಚಪ್ಪಾಳೆ ತಟ್ಟಿದೆವು. ಬೇರೆ ತಂಡದವರೂ ಬಂದು ಒಂದೊಂದು ಒದ್ದು ಹೋಗುತ್ತಿದ್ದರು.

ಮೊದಮೊದಲು ಆ್ಯಪ್ ಮಹಾ ಪುಕ್ಕಲು. ಧೊಪ್ಪನೆ ಕೂತರೂ ಬಡಿದುಕೊಳ್ಳುತ್ತಿತ್ತು. ಅದಕ್ಕೇ ‘ಸುಳ್ಳು’ ಬಟನ್ ಇಟ್ಟದ್ದು. ಗಂಟೆ ಯಾರಿಗೆ ಹೋಯಿತೋ ಅವರು ಎದ್ದು ಹೋಗಿ ನೋಡಬೇಕು, ಬಿದ್ದಿಲ್ಲವಾದರೆ ಒತ್ತಬೇಕು. ಸೊಳ್ಳೆ ಕೇಳಿದ್ದ, “ಬಿದ್ದೋರನ್ನೇ ಕೇಳಿದ್ರೆ ಆಗಲ್ವಾ?” ನಾನು ಅವನ ತಲೆಗೆ ಮೊಟಕಿ, “ಬಿದ್ದೋರಿಗೆ ಪ್ರಜ್ಞೆ ಇರುತ್ತೇನೋ ಪೆದ್ದ,” ಅಂದೆ.

ನಿನ್ನ ಮನೆಯ ಗಂಟೆಗಳಿಂದ ನಮ್ಮ ನಕ್ಷೆ ಕೆಡುತ್ತಿತ್ತು. ಆ್ಯಪ್ ಪರೀಕ್ಷೆಗೆ ಕೊಟ್ಟಿದ್ದ ಎಲ್ಲ ಮನೆಗಳ ಚುಕ್ಕಿಗಳೂ ಸಾಲಾಗಿ ಕೂತರೆ ನಿನ್ನವು ಮಾತ್ರ ಚೆಲ್ಲಾಪಿಲ್ಲಿ. ನಿನಗೆ ಫೋನ್ ಮಾಡಿದ್ದೆ, ನೆನಪಿದೆಯಾ? “ಅಕ್ಕಾ, ಮನೇಲಿ ಏನು ಕುಣೀತಿದೀಯೇ? ನಿನ್ನಿಂದ ನನ್ನ ಮಾರ್ಕ್ಸು ಹೋಗುತ್ತೆ!” ನೀನು ನಕ್ಕೆ. “ಇನ್ಮೇಲೆ ಮೆತ್ತಗೆ ಓಡಾಡ್ತೀನಿ ಬಿಡು,” ಅಂದೆ.

ಅಕ್ಕಾ, ನೀನು ಯಾಕೆ ನಕ್ಕೆ?

ಕೋತಿ


ಮಾರ್ಚ್ ೧೯

ಕೋತಿ,

ಅವನು ಪಕ್ಕದಲ್ಲೇ ಕೂತಿದ್ದ, ಅದಕ್ಕೆ ನಕ್ಕೆ.

ನೀನು ಕೇಳಿದ್ದಕ್ಕೆ ಇನ್ನೂ ಒಂದು ಹೇಳುತ್ತೇನೆ. ಆ ಚೀಲವನ್ನು ನಾನು ಹಗಲೆಲ್ಲ ಸೊಂಟದಿಂದ ಬಿಚ್ಚುತ್ತಲೇ ಇರಲಿಲ್ಲ. ನಿನ್ನ ಮಾರ್ಕ್ಸಿಗಾಗಿ ಎಂದು ನೀನು ತಿಳಿದಿದ್ದೆ. ಬಾಯಲ್ಲಿ ಹೇಳಲು ನಾಚಿಕೆ. ಅಮ್ಮನಿಗೆ ಹೇಳಿದರೆ “ಸ್ವಲ್ಪ ಸುಧಾರಿಸ್ಕೊಂಡು ಹೋಗೇ” ಅನ್ನುತ್ತಾಳೆಂದು ಗೊತ್ತು. ಗಂಟೆ ಅವನ ಜೇಬಿನಲ್ಲಿ ಬಡಿದರೂ ಲೆಕ್ಕ ನಿನ್ನ ಪರದೆಗೆ ಬರುತ್ತದಲ್ಲ, ಓದಿದ ತಂಗಿ, ನೋಡುತ್ತಾಳೆ ಅಂದುಕೊಂಡಿದ್ದೆ. ಒಂದು ದಿನ ಬಾಗಿಲಲ್ಲಿ ಬಂದು ನಿಂತು “ನಡಿ ಅಕ್ಕಾ” ಅನ್ನುತ್ತೀಯ ಎಂದು. ಆಮೇಲೆ ಗಂಟೆ ಬಡಿಯುವುದೇ ನಿಂತಿತು. ಅದಾದ ಮೇಲೆ ಅವನಿಗೆ ಭಯವೂ ಇರಲಿಲ್ಲ.

ಬೈಯುವುದಕ್ಕೆ ಹೇಳುತ್ತಿಲ್ಲ. ನೀನು ಕೇಳಿದೆ, ಹೇಳಿದೆ. ಹೇಳಿದ್ದಕ್ಕೆ ಎದೆ ಹಗುರಾಗುತ್ತದೆ ಅಂದುಕೊಂಡೆ, ಆಗಲಿಲ್ಲ. ನಿನ್ನ ಮೇಲೆ ಸಿಟ್ಟಿತ್ತು ಕಣೇ. ಮೆಟ್ಟಿಲ ಬುಡದಲ್ಲಿ ಬಿದ್ದುಕೊಂಡಿದ್ದಾಗ ಅವನಿಗಿಂತ ನಿನ್ನ ಮೇಲೇ ಹೆಚ್ಚು ಸಿಟ್ಟಿತ್ತು.

ಈಗ ಅಮ್ಮನ ಮನೆಯಲ್ಲಿದ್ದೇನೆ. ಇಲ್ಲಿಗೆ ಅವನ ವಕೀಲರು ಬಂದಿದ್ದರು, ತುಂಬ ವಿನಯದ ಮನುಷ್ಯ, ಚಪ್ಪಲಿ ಹೊರಗೆ ಬಿಟ್ಟೇ ಬಂದರು. ‘ನಾನು ಮೆಟ್ಟಿಲಿಂದ ಜಾರಿ ಬಿದ್ದೆ’ ಎಂದು ನಾನು ಸಹಿ ಹಾಕಿ ಗಂಡನ ಮನೆಗೆ ಹೋಗಬೇಕು. ಅವನು ‘ಗಾಜು ಬಿದ್ದು ಕೈ ಮುರಿಯಿತು, ನಾದಿನಿಯ ತಪ್ಪಿಲ್ಲ’ ಎಂದು ಹೇಳುತ್ತಾನೆ. ನೀನು ಹೊರಗೆ ಬರುತ್ತೀಯ. ಅಮ್ಮ ಕಾಲಿಗೆ ಬೀಳುವುದೊಂದು ಬಾಕಿ. “ಅವಳ ಜೀವನ ಇನ್ನೂ ಶುರುವಾಗಿಲ್ಲ ಕಣೇ, ನಿಂದು ಹೇಗೋ ನಡೆದಿದೆ,” ಅಂದಳು. ಹೆತ್ತವಳು ಹೀಗೆ ತೂಗಿದಳು.

ನಾನು ಏನೂ ಹೇಳಿಲ್ಲ. ದವಡೆ ಕಟ್ಟಿದ್ದಾರಲ್ಲ, ಅನುಕೂಲ. ನೀನು ಏನು ಹೇಳುತ್ತೀಯ?

ಅಕ್ಕ


ಏಪ್ರಿಲ್ ೨

ಅಕ್ಕಾ,

ನಿನ್ನ ಕಾಗದ ಬಂದಾಗ ‘ಸಹಿ ಹಾಕಿದರೆ ನಿನ್ನ ಮುಖ ನೋಡುವುದಿಲ್ಲ’ ಎಂದು ಬರೆದಿದ್ದೆ. ಅದನ್ನು ಹರಿದು ಹಾಕಿದೆ. ಈಗ ಇದನ್ನು ಬರೆಯುತ್ತಿದ್ದೇನೆ. ಕಾಗದ ಓದುತ್ತಾರೆ ಅನ್ನುವುದು ಬರೀ ಮಾತು, ನೋಡದೆಯೇ ಮುದ್ರೆ ಒತ್ತಿ ಬಿಡುತ್ತಾರೆ.

ಇಲ್ಲಿ ನಲ್ಲಿಯ ಹತ್ತಿರ ಒಬ್ಬ ದಾಂಡಿಗ ಹೆಂಗಸಿದ್ದಾಳೆ, ಎಲ್ಲರೂ ಅವಳನ್ನು ಯಜಮಾನಿ ಅನ್ನುತ್ತಾರೆ. ಅವಳಿಗಿಂತ ಮೊದಲು ಬಕೆಟ್ ಇಟ್ಟೆ, ಅಷ್ಟೇ. ತಲೆ ಹಿಡಿದು ನಲ್ಲಿಗೆ ಜಜ್ಜಿದಳು. ಹುಬ್ಬು ಸೀಳಿ ಕಣ್ಣಿಗೆ ರಕ್ತ ಇಳಿಯಿತು. ಕೆಡವಿ ಪಕ್ಕೆಗೆ ಒದ್ದಳು. ಉಸಿರು ಎಳೆದರೆ ಈಗಲೂ ಒಳಗೆ ಏನೋ ಕರಕರ ಅನ್ನುತ್ತದೆ. ನಾನು ಸುತ್ತಿಗೆ ಹಿಡಿದವಳು ಎಂದು ಜಂಬ ಇತ್ತಲ್ಲ, ಒಂದು ಕೈಯೂ ಏಳಲಿಲ್ಲ.

ವಾರ್ಡರಮ್ಮ ಬಂದು, “ಏನಾಯ್ತೇ?” ಎಂದು ಕೇಳಿದಳು. ಯಜಮಾನಿಯೇ ಹೇಳಿದಳು, “ಜಾರಿ ಬಿದ್ಲು ಮೇಡಂ.” ವಾರ್ಡರಮ್ಮ ನನ್ನ ಮುಖ ನೋಡಿದಳು. ನಾನು ಹೌದು ಅಂದೆ. ಅಕ್ಕಾ, ನಾನು ನಕ್ಕೆ ಕೂಡ.

ನಿನ್ನನ್ನು ‘ಯಾಕೆ ನಕ್ಕೆ’ ಎಂದು ಕೇಳಿದ ನನ್ನ ಬಾಯಿಗೆ ಯಾರಾದರೂ ಹೊಡೆಯಬೇಕು. ಹೊಡೆದಿದ್ದಾರೆ.

ಸಹಿ ಹಾಕಿಬಿಡು. ನನ್ನ ಕೈಲಿ ಆಗುತ್ತಿಲ್ಲ. ಹೊರಗೆ ಬಂದ ಮೇಲೆ ನಿನ್ನನ್ನು ಆ ಮನೆಯಿಂದ ಕರೆದುಕೊಂಡು ಬರುತ್ತೇನೆ, ಆಣೆ.

ಕೋತಿ


ಏಪ್ರಿಲ್ ೨೭

ಕೋತಿ,

ಇಷ್ಟು ದಿನ ಉತ್ತರ ಬರೆಯಲಿಲ್ಲ, ಬರೆಯಲು ಧೈರ್ಯವಿರಲಿಲ್ಲ. ಮೊದಲು ಕೆಟ್ಟ ಸುದ್ದಿ. ನಾನು ಸಹಿ ಹಾಕಲಿಲ್ಲ.

ಹಾಕಬೇಕೆಂದೇ ಇದ್ದೆ. ನಿನ್ನ ಕಾಗದ ಓದಿ ವಕೀಲರಿಗೆ ಬರಹೇಳಿದ್ದೆ. ಅವರು ಪೆನ್ನು ಬಿಚ್ಚಿ ಕೈಗೆ ಕೊಟ್ಟು, “ಸತ್ಯ ಅಂದ್ರೆ ಏನಮ್ಮ, ನಿಮ್ಮ ತಂಗಿ ಮಾಡಿದ ಆ್ಯಪ್ಪೇ ಹೇಳುತ್ತಲ್ಲ, ನಿಮ್ಮನೆ ಗಂಟೆಗಳೆಲ್ಲ ಸುಳ್ಳು ಅಂತ,” ಅಂದರು. ಚೆನ್ನಾಗಿ ತಯಾರಿ ಮಾಡಿಕೊಂಡೇ ಬಂದಿದ್ದರು. ಆ ಮಾತು ಕಿವಿಗೆ ಬಿದ್ದಾಗ ನನಗೆ ದೊಡ್ಡಮ್ಮ ನೆನಪಾದಳು. ‘ಬಿದ್ದಾಗಲೆಲ್ಲ ಗಂಟೆ ಬಡಿಯಿತು’ ಎಂದು ನೀನು ಬರೆದಿದ್ದೆಯಲ್ಲ. ನಾನು ಮೆಟ್ಟಿಲಿಂದ ಬಿದ್ದದ್ದೇ ನಿಜವಾದರೆ ಅವತ್ತು ಬಡಿಯಬೇಕಿತ್ತು. ಪೆನ್ನು ಕೆಳಗಿಟ್ಟು, ಸನ್ನೆ ಮಾಡಿ ಅವರನ್ನು ಕಳಿಸಿದೆ.

ಸೊಳ್ಳೆಗೂ ಮೇಷ್ಟ್ರಿಗೂ ಹೇಳಿಕಳಿಸಿದೆ. ಆ್ಯಪ್ ಬಳಸಿದವರೂ ವೈವಾದಲ್ಲಿ ಮಾತಾಡಬಹುದು ಎಂದು ಮೇಷ್ಟ್ರು ಒಪ್ಪಿದರು. ಅಷ್ಟರಲ್ಲಿ ದವಡೆಯ ತಂತಿ ಬಿಚ್ಚಿದರು, ಕೈಪಟ್ಟಿಯೂ ಹೋಯಿತು. ನಿನ್ನೆ ಹೋದೆ. ನನ್ನ ಬಟ್ಟೆ ಅಳೆಯುವ ಕೋಲನ್ನೂ ತೆಗೆದುಕೊಂಡು ಹೋಗಿದ್ದೆ. ಹೊರಗಿನಿಂದ ಬಂದ ಪರೀಕ್ಷಕರು, ಹಿರಿಯರು, ಚಹಾ ಕುಡಿಯುತ್ತ ಕೂತಿದ್ದರು. ನನ್ನ ಫೋನನ್ನು, ನನ್ನ ಮನೆಯಲ್ಲಿ ಪಾಠ ಕಲಿತ ಫೋನನ್ನು, ದೊಡ್ಡಮ್ಮನ ಸೊಂಟಕ್ಕೆ ಕಟ್ಟಿದೆ. ಗಂಟೆ ಪರೀಕ್ಷಕರ ಫೋನಿಗೇ ಹೋಗುವ ಹಾಗೆ ಸೊಳ್ಳೆ ಮಾಡಿದ.

ಕಾರಿಡಾರಿನ ಮೆಟ್ಟಿಲಿಂದ ದೊಡ್ಡಮ್ಮನನ್ನು ತಳ್ಳಿದೆವು. ಗಂಟೆ ಬಡಿಯಿತು. ಮತ್ತೆ ತಳ್ಳಿದೆವು, ಮತ್ತೆ ಬಡಿಯಿತು. ಪರೀಕ್ಷಕರು “ವೆರಿ ಗುಡ್” ಅಂದರು.

ಆಮೇಲೆ ಸೊಳ್ಳೆಗೆ ದೊಡ್ಡಮ್ಮನನ್ನು ತಲೆ ಹಿಡಿದು ನಿಲ್ಲಿಸಲು ಸನ್ನೆ ಮಾಡಿದೆ. ಕೋಲು ತೆಗೆದುಕೊಂಡೆ. ಮುಖಕ್ಕೆ ಹೊಡೆದೆ. ಗಂಟೆ ಬಡಿಯಲಿಲ್ಲ. ಪಕ್ಕೆಗೆ ಹೊಡೆದೆ, ಹೊಟ್ಟೆಗೆ ಹೊಡೆದೆ. ಗಂಟೆ ಬಡಿಯಲಿಲ್ಲ. ಎಡಗೈಗೆ ಇನ್ನೂ ಪೂರ್ತಿ ಬಲ ಬಂದಿರಲಿಲ್ಲ, ಆದರೂ ಎರಡೂ ಕೈಯಲ್ಲಿ ಹಿಡಿದು ಹೊಡೆದೆ. ನನ್ನದೇ ಹೊಲಿಗೆ ಕಣೇ, ಗಟ್ಟಿ ಹೊಲಿಗೆ, ಅದು ಬಿಚ್ಚಿಕೊಂಡು ಮರಳು ಸುರಿಯತೊಡಗಿತು. ಸೊಳ್ಳೆ ಹಿಡಿದುಕೊಂಡೇ ಅಳುತ್ತಿದ್ದ. ಎಲ್ಲರೂ ಪರೀಕ್ಷಕರ ಮೇಜಿನ ಮೇಲಿದ್ದ ಫೋನು ನೋಡುತ್ತಿದ್ದರು, ಅದು ತೆಪ್ಪಗೆ ಮಲಗಿತ್ತು. ಕಡೆಗೆ ಆ ಹಿರಿಯರೇ ಎದ್ದು ಕೂಗಿದರು, “ಸಾಕು, ನಿಲ್ಸಮ್ಮಾ!”

ನನಗೆ ಹೊಡೆಯುವಾಗ ಯಾರೂ ಹಾಗೆ ಕೂಗಿರಲಿಲ್ಲ. ಕೋಲು ಕೆಳಗಿಟ್ಟೆ. ತಂತಿ ಬಿಚ್ಚಿದ ಮೇಲೆ ನೆಟ್ಟಗೆ ಆಡಿದ ಮೊದಲ ಮಾತು ಅದೇ: “ಸಾರ್, ಅವತ್ತು ನನ್ನ ಫೋನು ಹೀಗೇ ಸುಮ್ಮನಿತ್ತು. ನಾನು ಬಿದ್ದಿಲ್ಲ.”

ನಿನ್ನ ಹಾಗೆ ನನಗೂ ಹೊಡೆಯುವಾಗ ಹಿತವಾಗಿತ್ತು. ಆಮೇಲೆ ಹೊರಗೆ ಹೋಗಿ ವಾಂತಿ ಮಾಡಿದೆ.

ಅಲ್ಲಿಂದ ನೇರ ಠಾಣೆಗೆ ಹೋದೆ, ಮೇಷ್ಟ್ರೂ ಸೊಳ್ಳೆಯೂ ಜೊತೆಗೆ ಬಂದರು. ಪರೀಕ್ಷಕರು ಕಂಡದ್ದನ್ನು ಬರೆದು ಕೊಟ್ಟರು. ಬಿದ್ದವರು ಕೈ ಊರಿಕೊಂಡು ಮಣಿಕಟ್ಟು ಮುರಿದುಕೊಳ್ಳುತ್ತಾರೆ, ನನ್ನ ಕೈ ಮುರಿದ ಜಾಗ ಏಟಿಗೆ ಅಡ್ಡ ಹಿಡಿದವರದು ಎಂದು ಡಾಕ್ಟರೂ ಹೇಳಿಕೆ ಕೊಡುತ್ತಾರಂತೆ. ಇವತ್ತು ಬೆಳಿಗ್ಗೆ ಪೊಲೀಸರು ಅವನನ್ನು ಕರೆದುಕೊಂಡು ಹೋದರು.

ನೀನು ಮಾತ್ರ ಒಳಗೇ ಇದ್ದೀಯ. ಅವನ ಕೈ ಮುರಿದದ್ದು ನಿಜ, ಅದಕ್ಕೆ ನೀನು ಉತ್ತರ ಹೇಳಲೇಬೇಕು. ನಿನ್ನನ್ನು ಅಲ್ಲಿ ಬಿಟ್ಟು ನನ್ನ ಜೀವ ಉಳಿಸಿಕೊಂಡೆ. ಅಮ್ಮ ನನ್ನ ಹತ್ತಿರ ಮಾತು ಬಿಟ್ಟಿದ್ದಾಳೆ. ನೀನೂ ಬಿಡುವುದಾದರೆ ಬಿಡು, ಆದರೆ ಒಂದು ಗೆರೆಯಾದರೂ ಬರೆದು ಬಿಡು.

ನಿನ್ನ ಅಕ್ಕ


ಮೇ ೯

ಅಕ್ಕಾ,

ನಿನ್ನ ಕಾಗದವನ್ನು ಮೊದಲು ಓದಿದಾಗ ಗೋಡೆಗೆ ಗುದ್ದಿದೆ. ನಿನಗಲ್ಲದೆ ಇನ್ಯಾರಿಗೆ ಸಿಟ್ಟು ತೋರಿಸಲಿ? ಕೈ ಊದಿಕೊಂಡಿದೆ, ಅದಕ್ಕೇ ಅಕ್ಷರ ಹೀಗೆ ವಕ್ರ. ನಾಲ್ಕನೆಯ ಸಲ ಓದಿದಾಗ ದೊಡ್ಡಮ್ಮನ ಹೊಲಿಗೆ ಬಿಚ್ಚಿದ ಸಾಲಿಗೆ ಅಳು ಬಂತು. ನೀನು ಸಹಿ ಹಾಕಿದ್ದರೆ ನಾನು ಇವತ್ತು ಹೊರಗಿರುತ್ತಿದ್ದೆ, ನೀನು ಆ ಅಡುಗೆಮನೆಯಲ್ಲಿ ಇರುತ್ತಿದ್ದೆ. ಆಮೇಲೆ ನಾನು ನಿನ್ನನ್ನು ಕರೆದುಕೊಂಡು ಬರುತ್ತಿದ್ದೆನೇ? ಆಣೆ ಇಟ್ಟದ್ದೇನೋ ಹೌದು. ಗಂಟೆ ಬಡಿದಷ್ಟು ದಿನವೂ ನಾನು ಬಂದಿರಲಿಲ್ಲ.

ಅಧ್ಯಾಯ ಮುಗಿಸಿದ್ದೇನೆ, ಇದರ ಜೊತೆ ಇಟ್ಟಿದ್ದೇನೆ, ಮೇಷ್ಟ್ರಿಗೆ ಕೊಡು. ತಡವಾಯಿತು ಎಂದು ಮಾರ್ಕ್ಸು ಕತ್ತರಿಸಿದರೆ ಕತ್ತರಿಸಲಿ. ಮತ್ತೆ ಕಟ್ಟಿದರೆ ಏನು ಬದಲಿಸುತ್ತೇವೆ ಎಂಬಲ್ಲಿ ಒಂದೇ ಸಾಲು ಬರೆದಿದ್ದೇನೆ: ‘ಸುಳ್ಳು’ ಬಟನ್ ಬಿದ್ದವರ ಕೈಯಲ್ಲೇ ಇರಬೇಕು, ಅವರಿಗೆ ಒತ್ತಲಾಗದಿದ್ದರೆ ಗಂಟೆ ಬಡಿಯುತ್ತಲೇ ಇರಬೇಕು. ಸೊಳ್ಳೆ ಕೇಳಿದ್ದು ಸರಿ ಇತ್ತು ಎಂದು ಅವನಿಗೆ ಹೇಳು. ಹೆಚ್ಚು ಬೀಗುವುದು ಬೇಡ ಎಂದೂ ಹೇಳು.

ಇವತ್ತು ನೀರು ಬಿಡುವ ಹೊತ್ತಿಗೆ ವಾರ್ಡರಮ್ಮ ಬಂದಿದ್ದಳು. ಯಜಮಾನಿ ನನ್ನ ಪಕ್ಕದಲ್ಲೇ, ಮೊಣಕೈ ತಾಗುವಷ್ಟು ಹತ್ತಿರ ನಿಂತಿದ್ದಳು. ನಾನು ಬಕೆಟ್ ಕೆಳಗಿಟ್ಟೆ.

“ಮೇಡಂ,” ಅಂದೆ, “ಅವತ್ತು ನಾನು ಜಾರಿ ಬಿದ್ದಿದ್ದಲ್ಲ.”

“ಈಗ ಹೇಳ್ತಿದೀಯಲ್ಲೇ, ಇಷ್ಟು ದಿನ ಏನು ಮಾಡ್ತಿದ್ದೆ?” ಅಂದಳು ವಾರ್ಡರಮ್ಮ.

“ನಮ್ಮಕ್ಕನ ಕಾಗದಕ್ಕೆ ಕಾಯ್ತಿದ್ದೆ,” ಅಂದೆ.

ನಿನ್ನ
ಕೋತಿ